ಒಸಾಕಾದ ನೆಲದಡಿ ಕಲ್ಲವ್ವ

ಡೊಂಬಿವ್ಲಿ ಪೂರ್ವದ ಸುಮಂಗಲ ಸೊಸೈಟಿಯಲ್ಲಿ ಜಪಾನ್ ಕಂಡು ಬಂದವನು ಹಯಗ್ರೀವ ಉಪಾಧ್ಯ ಒಬ್ಬನೇ. ಹೆಸರಿಗೆ ತಕ್ಕ ಕುತ್ತಿಗೆ ಅವನದು. ಒಮ್ಮೆ ಎತ್ತಿದರೆ ಇಳಿಸುವುದು ಅವನ ಕೈಯಲ್ಲೇ ಇರಲಿಲ್ಲ. ಠಾಣೆಯ ಮಾಜಿವಾಡಾದಲ್ಲಿ ಪಂಪು ತಯಾರಿಸುವ ಅವನ ಕಂಪನಿಯವರು ಯಾವ ಕಾಲದಲ್ಲೋ ಅವನನ್ನು ತರಬೇತಿಗೆಂದು ಒಸಾಕಾಕ್ಕೆ ಕಳಿಸಿದ್ದರು. ಬಂದ ಮೇಲೆ ಅವನು ಬುದ್ಧನ ವಿಷಯ ಹೇಳಲಿಲ್ಲ, ಬುಲೆಟ್ ಟ್ರೈನಿನ ವಿಷಯ ಹೇಳಲಿಲ್ಲ. ಲಿಫ್ಟಿಗೆ ಕಾಯುವವರನ್ನು ಹಿಡಿದು ನಿಲ್ಲಿಸಿ ಒಸಾಕಾದ ಭೂಗತ ಜಂಕ್ಷನ್ನಿನ ವಿಷಯ ಹೇಳಿದ. ಲಿಫ್ಟು ಹೆಚ್ಚಾಗಿ ಕೆಟ್ಟಿರುತ್ತಿದ್ದುದರಿಂದ ಕೇಳುಗರಿಗೆ ಬರವಿರಲಿಲ್ಲ.

"ನಮ್ಮ ಠಾಣೆ ಸ್ಟೇಷನ್ ಉಂಟಲ್ಲ, ಅದರ ಮೇಲೆ ಕಲ್ಯಾಣ ಇಡಿ. ಕಲ್ಯಾಣದ ಮೇಲೆ ದಾದರ್ ಇಡಿ. ಮೂರನ್ನೂ ಒಟ್ಟಿಗೆ ನೆಲದೊಳಗೆ ಹೂತುಬಿಡಿ. ಅದು ಒಸಾಕಾ! ಒಂದು ಲೈನಿನಿಂದ ಇಳಿದು ಇನ್ನೊಂದು ಲೈನಿಗೆ ಹೋಗುವಷ್ಟರಲ್ಲಿ ಮನುಷ್ಯನ ಗಡ್ಡ ಬೆಳೆಯುತ್ತದೆ ಮಾರ್ರೆ. ಆದರೆ ನನ್ನನ್ನು ಕಣ್ಣು ಕಟ್ಟಿ ಬಿಡಿ, ಹೊರಗೆ ಬರ್ತೇನೆ."

ಕಣ್ಣು ಕಟ್ಟುವ ಅಗತ್ಯವೇ ಇರಲಿಲ್ಲ. ಆ ಜಂಕ್ಷನ್ನಿನೊಳಗೆ ಅವನು ಹೋದದ್ದು ಒಂದೇ ಸಲ. ಕಳೆದುಹೋಗುವ ಭಯಕ್ಕೆ ಮುಂದಿದ್ದ ಸಹೋದ್ಯೋಗಿಯ ಬೆನ್ನಚೀಲದ ಪಟ್ಟಿ ಹಿಡಿದು, ಕಣ್ಣನ್ನು ಚೀಲದ ಜಿಪ್ಪಿನ ಮೇಲೆ ನೆಟ್ಟು, ಆ ತುದಿಯಿಂದ ಈ ತುದಿಗೆ ಹೋಗಿದ್ದ. ಆ ಮಹಾನಿಲ್ದಾಣದಲ್ಲಿ ಅವನು ಕಂಡದ್ದು ಆ ಜಿಪ್ಪನ್ನು. ಉಳಿದ ವರ್ಣನೆಯನ್ನೆಲ್ಲ ಅವನು ದಿನಾ ಇಳಿದು ಹತ್ತುವ ಠಾಣೆ ಸ್ಟೇಷನ್ನಿನಿಂದ ಸಾಲ ತಂದಿದ್ದ. ಕೇಳುವವರು ಯಾರೂ ಜಪಾನಿಗೆ ಹೋಗುವವರಲ್ಲವಾದ್ದರಿಂದ ಸಾಲಕ್ಕೆ ಬಡ್ಡಿ ಬಿದ್ದಿರಲಿಲ್ಲ.

ಅಷ್ಟರಲ್ಲಿ ಮೇಲಿನ ಮಹಡಿಯ ಅಪ್ಪಾಸಾಹೇಬರು ಜಪಾನಿಗೆ ಹೊರಟರು. ಗೋಕಾಕದ ಕಡೆಯವರು, ಕಲ್ಯಾಣದಲ್ಲಿ ಬಟ್ಟೆ ಅಂಗಡಿ. ವ್ಯಾಪಾರಿಗಳ ಸಂಘದ ಟೂರಿನಲ್ಲಿ ಹೆಂಡತಿ ಕಲ್ಲವ್ವನ ಜೊತೆ ಸೀಟು ಹಿಡಿದಿದ್ದರು. ಹೊರಡುವ ಮುನ್ನ ಗಂಡ ಹೆಂಡತಿ ಇಬ್ಬರೂ ಹಯಗ್ರೀವನ ಮನೆಗೆ ಬಂದು, ಚಹಾ ಕುಡಿದು, ಉಪದೇಶ ಪಡೆದರು.

"ಮುಖ್ಯ ವಿಷಯ," ಎಂದಿದ್ದ ಹಯಗ್ರೀವ. "ಅಲ್ಲಿ ಯಾರ ಹತ್ರವೂ ದಾರಿ ಕೇಳ್ಬಾರದು. ಕೇಳಿದರೆ ಪಾಪ, ತಮ್ಮ ಕೆಲಸ ಬಿಟ್ಟು ನಿಮ್ಮ ಜೊತೆಗೇ ಬಂದು ಮುಟ್ಟಿಸಿ ಹೋಗ್ತಾರೆ. ಅವರ ಟ್ರೈನು ತಪ್ಪುತ್ತದೆ, ಸಾಹೇಬ ಬಯ್ತಾನೆ. ಆ ಪಾಪ ಯಾರಿಗೆ?"

"ನಮಗ್ರೀ," ಎಂದು ಕಲ್ಲವ್ವ ಕೆನ್ನೆ ಮುಟ್ಟಿಕೊಂಡಿದ್ದಳು.

"ಎಂತ ಕಷ್ಟ ಬಂದರೂ ನನಗೊಂದು ಫೋನ್ ಮಾಡಿ."

ಕಷ್ಟ ಭಾನುವಾರ ಬೆಳಿಗ್ಗೆ ಬಂತು. ಹಯಗ್ರೀವ ಲುಂಗಿ ಬನಿಯನ್ನಿನಲ್ಲಿ ಕೂತು ನೀರುದೋಸೆ ತಿನ್ನುತ್ತಿದ್ದ. ಹೆಂಡತಿ ಪ್ರಭಾ ಹೊಯ್ಯುತ್ತಿದ್ದಳು, ಉಡುಪಿಯಿಂದ ಬಂದಿದ್ದ ಅತ್ತೆ ದ್ರೌಪದಿಯಮ್ಮ ದೋಸೆಯಲ್ಲಿ ತೂತು ಸಾಲದೆಂದು ದೂರುತ್ತಿದ್ದರು, ಕಾಲೇಜಿಗೆ ಹೋಗುವ ಮಗಳು ಶ್ರೀಪ್ರಿಯಾ ಮೊಬೈಲಿನಲ್ಲಿದ್ದಳು. ಫೋನು ಬಡಿಯಿತು.

"ಉಪಾಧ್ಯಾರ, ನಾ ಕಲ್ಲವ್ವ ಮಾತಾಡಾಕತ್ತೀನ್ರಿ. ಒಸಾಕಾದಾಗ, ನೆಲದ ತಳಗಿನ ಸ್ಟೇಷನ್ನಿನ್ಯಾಗ ಅದೀನಿ."

"ಓಹೋ! ಹೇಗುಂಟು?"

"ಭಾಳ ಚೊಲೋ ಐತ್ರಿ. ನಾ ಅಷ್ಟ ತಪ್ಪಿಸಿಕೊಂಡೀನಿ."

ಆದದ್ದಿಷ್ಟು. ಕಲ್ಲವ್ವ ಹಸಿವಾಯಿತೆಂದು ಬೆಂಚಿನ ಮೇಲೆ ಕೂತು ರೊಟ್ಟಿ ಶೇಂಗಾ ಚಟ್ನಿಯ ಗಂಟು ಬಿಚ್ಚಿದ್ದಳು. ತಲೆ ಬಗ್ಗಿಸಿದಾಗ ಇದ್ದ ಟೂರು ತಲೆ ಎತ್ತಿದಾಗ ಇರಲಿಲ್ಲ. ಜಪಾನಿನ ಸಿಮ್ಮು ಹಾಕಿದ್ದು ಅವಳ ಫೋನಿಗೆ ಮಾತ್ರ; ಅಪ್ಪಾಸಾಹೇಬರ ಫೋನು ಬಸ್ಸಿನಲ್ಲಿಟ್ಟ ಪೆಟ್ಟಿಗೆಯಲ್ಲಿ ಮಲಗಿತ್ತು. ಗೈಡಿನ ನಂಬರು ಅಪ್ಪಾಸಾಹೇಬರ ಕಿಸೆಯಲ್ಲಿತ್ತು, ಕಿಸೆ ಅಪ್ಪಾಸಾಹೇಬರ ಜೊತೆ ಹೋಗಿತ್ತು.

"ಇವತ್ತ ವಿಮಾನ ಐತ್ರಿ. ಮ್ಯಾಲ ಹೊರಗ ಬಸ್ ನಿಂತೈತಂತ. ಅದು ಹೋತಂದ್ರ ನಾ ಇಲ್ಲೇ ಜಪಾನದಾಕಿ ಆಗ್ತೀನಿ ನೋಡ್ರಿ."

ಶ್ರೀಪ್ರಿಯಾ ಮೊಬೈಲಿನಿಂದ ಕಣ್ಣು ತೆಗೆಯದೆ ಹೇಳಿದಳು: "ಪಪ್ಪಾ, ಆಂಟಿ ಕೋ ಬೋಲೋ ನಾ, ಸ್ಟೇಷನ್ ಸ್ಟಾಫ್ ಕೋ ಫೋನ್ ದೇ ದೋ. ಸಿಂಪಲ್ ಹೈ."

ಈ ಕಥೆಯಲ್ಲಿ ಬುದ್ಧಿವಂತಿಕೆಯ ಮಾತು ಇದೊಂದೇ. ಅದು ಫೋನಿನೊಳಗೂ ಹೋಯಿತು.

"ಛೇ ಛೇ ಛೇ!" ಎಂದಳು ಕಲ್ಲವ್ವ. "ಯಾರ್ನೂ ಕೇಳಬಾರದಂತ ನೀವ ಹೇಳೀರಲ್ರೀ. ನೀವ ಹೇಳ್ರಿ ದಾರಿ. ನಿಮಗ ಕಣ್ಣ ಕಟ್ಟಿ ಬಿಟ್ರೂ ಗೊತ್ತೈತಂತ."

ಹೆಂಡತಿ ನೋಡುತ್ತಿದ್ದಳು. ಅತ್ತೆ ನೋಡುತ್ತಿದ್ದರು. ಕುತ್ತಿಗೆ ಎತ್ತಿಯಾಗಿತ್ತು. ಹಯಗ್ರೀವ ಕಣ್ಣು ಮುಚ್ಚಿದ. ಒಸಾಕಾ ಬರಲಿಲ್ಲ, ಬಂದದ್ದು ಠಾಣೆ.

"ಎಡಗಡೆಗೆ ಹತ್ತುವ ಮೆಟ್ಟಿಲು ಉಂಟು. ಅದರ ಬುಡದಲ್ಲಿ ಒಂದು ತೂಕದ ಮೆಷಿನ್ನು. ಹಳೇದು, ಕೆಂಪು ಹಸಿರು ಲೈಟು ತಿರುಗುವಂಥದ್ದು."

ಸ್ವಲ್ಪ ಹೊತ್ತು ಬರೀ ಹೆಜ್ಜೆಯ ಸದ್ದು. ಹಯಗ್ರೀವ ಮನಸ್ಸಿನಲ್ಲೇ ಕ್ಷಮಾಪಣೆಯ ವಾಕ್ಯಗಳನ್ನು ಜೋಡಿಸತೊಡಗಿದ.

"ಐತ್ರಿ!" ಎಂದಳು ಕಲ್ಲವ್ವ. "ಲೈಟು ತಿರಗಾಕತ್ತಾವು!"

ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾದದ್ದು ಹೇಳಿದವನಿಗೆ. ಆದರೆ ಆಶ್ಚರ್ಯಪಟ್ಟರೆ ಮರ್ಯಾದೆ ಹೋಗುತ್ತದೆ. ಅವನು ಪ್ರಭಾಳ ಕಡೆ ನೋಡಿ, ಇದರಲ್ಲೇನು ಮಹಾ ಎಂಬಂತೆ ದೋಸೆಯ ತುಂಡು ಮುರಿದ.

ಬಾಗಿಲು ತೆರೆದೇ ಇತ್ತು. ಸೊಸೈಟಿಯ ಸೆಕ್ರೆಟರಿ ಮುಕ್ತಾತಾಯಿ ಒಳಗೆ ಬಂದರು. ಯಾವ ಮನೆಯಲ್ಲಿ ದನಿ ಏರಿದರೂ ಅದು ಸೊಸೈಟಿಯ ವಿಷಯವೆಂದು ಅವರ ನಂಬಿಕೆ.

"ಕಾಯ್ ಝಾಲಂ?" ಎಂದು ಕೇಳಿ, ತಿಳಿದುಕೊಂಡು, ಕುರ್ಚಿ ಎಳೆದು ಕೂತರು. "ಕಲ್ಲವ್ವಾ ನಮ್ಮ ಮೆಂಬರ್. ಮೆಂಬರ್ ಹರವಲೀ, ಕಳೆದುಹೋದ್ರೆ, ಕಮಿಟೀಚೀ ಜಬಾಬ್ದಾರಿ. ಸ್ಪೀಕರ್ ಮೇಲೆ ಹಾಕಾ!"

ಸ್ಪೀಕರಿಗೆ ಹಾಕಿದ್ದೇ ತಡ, ಪ್ರಭಾಳ ಫೋನೂ ಬಡಿಯಿತು. ಅಪ್ಪಾಸಾಹೇಬರು, ಗೈಡಿನ ಫೋನಿನಿಂದ. ಅವರ ದನಿಗೆ ಸ್ಪೀಕರು ಬೇಕಾಗಿರಲಿಲ್ಲ.

"ಪ್ರಭಾಬಾಯಾರ! ನಮ್ಮಾಕಿ ಫೋನ್ ಎಂಗೇಜ್ ಬರಾಕತ್ತೈತಿ! ನಿಮ್ಮ ಕಡೆ ಮಾತಾಡಾಕತ್ತಾಳೇನು?"

"ಹೌದು. ಇವರು ದಾರಿ ಹೇಳ್ತಾ ಇದ್ದಾರೆ. ತೂಕದ ಮೆಷಿನ್ನಿನ ಹತ್ತಿರ ಇದ್ದಾರಂತೆ."

ಅತ್ತಲಿಂದ ಗೈಡಿನ ಗುಸುಗುಸು. ಮತ್ತೆ ಅಪ್ಪಾಸಾಹೇಬರು: "ಅಂಥಾದ್ದು ಈ ಸ್ಟೇಷನ್ನಿನ್ಯಾಗ ಇಲ್ಲಂತ್ರೀ!"

ಎರಡೂ ಫೋನು ಒಂದೇ ಟೇಬಲಿನ ಮೇಲೆ, ದೋಸೆಯ ತಟ್ಟೆಯ ಆಚೀಚೆ ಇದ್ದುದರಿಂದ, ಗಂಡನ ಮಾತು ಡೊಂಬಿವ್ಲಿಗೆ ಬಂದು ಹೆಂಡತಿಗೆ ಹೋಯಿತು.

"ಇಲ್ಲದ್ದು ನನ್ನ ಕಣ್ಣ ಮುಂದ ಹೆಂಗ ಐತಿ?" ಎಂದಳು ಕಲ್ಲವ್ವ. "ಮನ್ಯಾಗ ಉಪ್ಪಿನ ಡಬ್ಬಿ ಮುಂದ ಇದ್ರೂ ಇಲ್ಲ ಅನ್ನಾವ್ರು ನೀವು. ಸುಮ್ನಿರ್ರಿ. ಉಪಾಧ್ಯಾರ, ಮುಂದ?"

"ಹತ್ತಿ. ಮೇಲೆ ಸೇತುವೆ ಸಿಗ್ತದೆ."

"ಹತ್ತಾಕತ್ತೀನಿ... ಹತ್ತಾಕತ್ತೀನಿ... ಉಪಾಧ್ಯಾರ, ಇದು ಹತ್ತಿದಂಗ ತಂಪ ಆಗಾಕತ್ತೈತಲ್ರೀ. ಮ್ಯಾಲ ಹೊಂಟೀನೋ ತಳಗೋ?"

"ಮೇಲೆಯೇ. ಎ.ಸಿ. ಇರ್ತದೆ ಅಲ್ಲಿ," ಎಂದ ಹಯಗ್ರೀವ. ಸುಳ್ಳು ಈಗ ಸಲೀಸಾಗಿ ಬರುತ್ತಿತ್ತು. ಅಥವಾ ಅದು ಸುಳ್ಳಾಗಿರಲಿಲ್ಲ. ಅದನ್ನು ಏನೆನ್ನಬೇಕೋ ಅವನಿಗೇ ತಿಳಿಯಲಿಲ್ಲ. "ಸೇತುವೆಯ ಮೇಲೆ, ಬಲಗಡೆ, ಕೆಳಗೆ ಪ್ಲಾಸ್ಟಿಕ್ ಹಾಸಿ ಒಬ್ಬ ಕೂತಿರ್ತಾನೆ. ಹೇರ್‌ಕ್ಲಿಪ್ಪು, ಸೇಫ್ಟಿ ಪಿನ್ನು ಮಾರ್ತಾನೆ. ಪೊಲೀಸ್ ಬಂದರೆ ಓಡ್ಲಿಕ್ಕೆ ತಯಾರಾಗಿ, ನಾಲ್ಕೂ ಮೂಲೆಗೆ ದಾರ ಕಟ್ಟಿ—"

"ಪಪ್ಪಾ!" ಎಂದಳು ಶ್ರೀಪ್ರಿಯಾ. "ವೋ ತೋ ಠಾಣೆ ವಾಲಾ ಅಂಕಲ್ ಹೈ!"

"ಅದಾನ್ರಿ," ಎಂದಿತು ಫೋನು.

ದ್ರೌಪದಿಯಮ್ಮ ಕೈಯಲ್ಲಿದ್ದ ಸಟ್ಟುಗವನ್ನು ಮೆಲ್ಲಗೆ ಕೆಳಗಿಟ್ಟರು.

"ಹಾಸಿಕೊಂಡು ಕುಂತಾನ. ಪಿನ್ನು ಅದಾವು. ನಾಕೂ ಮೂಲಿಗೆ ದಾರ ಐತಿ. ಆದ್ರ ಮನಷ್ಯಾ ಆಕಡೆ ಮಕಾ ಮಾಡ್ಯಾನ." ಹೆಜ್ಜೆಯ ಸದ್ದು. "ನಾ ಸುತ್ತ ಹಾಕಿ ಈಕಡೆ ಬಂದ್ನಿ. ಈಗೂ ಆಕಡೇನ ಮಕಾ ಮಾಡ್ಯಾನ್ರಿ."

ಒಲೆಯ ಮೇಲೆ ದೋಸೆ ಸೀಯುತ್ತಿತ್ತು. ಯಾರಿಗೂ ಅದು ತಮ್ಮ ಮನೆಯ ದೋಸೆ ಅನ್ನಿಸಲಿಲ್ಲ.

"ಬೇರೆ ಜನ ಇಲ್ವಾ ಕಲ್ಲವ್ವ?" ಎಂದು ಕೇಳಿದಳು ಪ್ರಭಾ.

"ಮೆಟ್ಟಿಲ ತಳಗ ಇರಿವಿಯಂಗ ಇದ್ರು. ಇಲ್ಲಿ ಯಾರೂ ಇಲ್ಲ. ಭಾಳ ಸ್ವಚ್ಛ ಐತಿ ಮತ್ತ."

ಈಗ ಹಯಗ್ರೀವನ ಕುತ್ತಿಗೆ ತಾನಾಗಿಯೇ ಇಳಿಯಿತು. "ಕಲ್ಲವ್ವ, ನಾನು ಹೇಳಿದ್ದು ಬಿಡಿ. ಆ ಪಾಪ ನನಗೇ ಇರಲಿ. ಹಿಂದೆ ಹೋಗಿ ಯಾರನ್ನಾದರೂ ಕೇಳಿ."

"ಹಿಂದ ಮೆಟ್ಟಿಲಾ ಇಲ್ರೀ ಈಗ," ಎಂದಳು ಕಲ್ಲವ್ವ, ತರಕಾರಿಯವನು ಇವತ್ತು ಬಂದಿಲ್ಲ ಎನ್ನುವ ದನಿಯಲ್ಲಿ.

ಹಯಗ್ರೀವನ ಕೈ ನಡುಗಿತು. ಮೊದಲು ಬೆರಳು, ಆಮೇಲೆ ಮೊಣಕೈ, ಆಮೇಲೆ ಒಟ್ಟಾರೆ ಉಪಾಧ್ಯ. ಅದನ್ನು ಕಂಡದ್ದೇ ದ್ರೌಪದಿಯಮ್ಮ ಎದ್ದು ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಪ್ರಭಾ, ಮಣೆ ಹಾಕು. ತೆಂಗಿನಕಾಯಿ ಉಂಟಾ? ಒಂದು ಸೇರು ಅಕ್ಕಿ ತಾ."

"ಎಂತಕ್ಕೆ ಅಮ್ಮಾ?"

"ಕಣ್ಣು ಕಾಣುದಿಲ್ವಾ ನಿಂಗೆ? ಇದು ದರ್ಶನ! ನಮ್ಮ ಊರಲ್ಲಿ ಮೈಮೇಲೆ ಬಂದಾಗ ಆಡಿದ್ದು ಮಾತಲ್ಲ, ನುಡಿ. ನುಡಿದದ್ದು ಆಗ್ಲೇ ಬೇಕು. ಇವರು ನುಡಿದ್ರು, ಅಲ್ಲಿ ಆಯ್ತು. ನಿನ್ನ ಗಂಡನ ಮೈಯಲ್ಲಿ ಯಾರೋ ದೊಡ್ಡವರು ಇದ್ದಾರೆ."

ಮದುವೆಯಾದಂದಿನಿಂದ ಅಳಿಯನನ್ನು 'ಅವ' ಎಂದೇ ಕರೆದು, ಅವ ಉಪ್ಪಿಗೂ ಇಲ್ಲ ಸೊಪ್ಪಿಗೂ ಇಲ್ಲ ಎನ್ನುತ್ತಿದ್ದ ದ್ರೌಪದಿಯಮ್ಮ, ಅವನೆದುರು ಕೈಮುಗಿದು ತಲೆ ಬಾಗಿಸಿ, "ಅಪ್ಪಣೆ ಆಗ್ಬೇಕು," ಎಂದರು. ಈ ಗೌರವಕ್ಕಾಗಿ ಹಯಗ್ರೀವ ಎಷ್ಟೋ ವರ್ಷ ಕಾದಿದ್ದ. ಬಂದಾಗ ಅವನಿಗೆ ಅಳು ಬಂತು. ಅಳುವನ್ನು ಕಂಡು ಅತ್ತೆ ಇನ್ನಷ್ಟು ಬಾಗಿದರು.

"ಅತ್ತೆ, ನನಗೆ ಎಂತ ಬಂದಿಲ್ಲ. ನನಗೆ ಹೆದರಿಕೆ ಬಂದದ್ದು!"

"ಹಾಗೇ ಹೇಳ್ತಾರೆ ಮೊದಲು," ಎಂದು ದ್ರೌಪದಿಯಮ್ಮ ಮುಕ್ತಾತಾಯಿಗೆ ವಿವರಿಸಿದರು. ಭಾಷೆ ಅರ್ಧಂಬರ್ಧ ತಿಳಿದರೂ ಮುಕ್ತಾತಾಯಿಗೆ ವಿಷಯ ಪೂರ್ತಿ ತಿಳಿಯಿತು. ಅವರೂ ಚಪ್ಪಲಿ ಕಳಚಿದರು.

ಪ್ರಭಾಳ ಫೋನಿನಿಂದ ಅಪ್ಪಾಸಾಹೇಬರು: "ಬಸ್ಸಿನಾಂವ ಹಾರ್ನ್ ಹೊಡ್ಯಾಕತ್ತಾನ! ಏನಾತು?"

"ಬೋಲಾ, ಬೋಲಾ," ಎಂದು ಮುಕ್ತಾತಾಯಿ ಹಯಗ್ರೀವನ ಮೊಣಕೈ ತಿವಿದರು. "ಪುಢೇ ಕಾಯ್ ಆಹೇ? ಮುಂದೆ ಏನು? ಜಲ್ದಿ!"

"ಮುಂದೆ ಎಂತದೂ ಇಲ್ಲ!" ಎಂದು ಹಯಗ್ರೀವ ಕಿರುಚಿದ. ತನ್ನ ತಲೆಯಲ್ಲಿ ಇನ್ನೇನೂ ಉಳಿದಿಲ್ಲ ಎಂದು ಹೇಳಲು ಹೊರಟಿದ್ದ, ಪಾಪ.

ಫೋನಿನಲ್ಲಿ ಹೆಜ್ಜೆಯ ಸದ್ದು ನಿಂತಿತು.

"ಉಪಾಧ್ಯಾರ." ಕಲ್ಲವ್ವನ ದನಿ ಮೊದಲ ಸಲ ಸಣ್ಣದಾಗಿತ್ತು. "ದೀಪ ಹೋತ್ರಿ. ಮುಂದ ಏನೂ ಇಲ್ಲ. ಕಾಲ ಮುಂದಿಟ್ರ ನೆಲಾ ಹತ್ತವಲ್ದು."

ಇನ್ನೊಂದು ಫೋನಿನಲ್ಲಿ ಹಾರ್ನು ಕೇಳಿಸುತ್ತಿತ್ತು. ಆಮೇಲೆ ಅದರ ಮೇಲೆ ಅಪ್ಪಾಸಾಹೇಬರ ದನಿ. ಕಲ್ಯಾಣದ ಇಡೀ ಬಟ್ಟೆ ಪೇಟೆಯನ್ನು ನಡುಗಿಸುವ ದನಿ, ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

"ಉಪಾಧ್ಯಾರ, ನಾ ಮೆಷಿನ್ ಇಲ್ಲ ಅಂದದ್ದಕ್ಕ ಸಿಟ್ಟಾಗಬ್ಯಾಡ್ರಿ. ಐತಿ, ಎಲ್ಲಾ ಐತಿ. ಆಕಿನ್ನ ಹೊರಗ ತರ್ರಿ. ಆಕಿಲ್ದ ನನಗ ಒಬ್ಬಾವ್ಗ ಮನಿಗೆ ಬರಾಕ ಬರಂಗಿಲ್ರೀ."

ಹಯಗ್ರೀವ ಕಣ್ಣೊರೆಸಿಕೊಂಡ. ಗೊತ್ತಿಲ್ಲ ಎಂದರೂ ಕಲ್ಲವ್ವ ಬೀಳುತ್ತಾಳೆ, ಸುಮ್ಮನಿದ್ದರೂ ಬೀಳುತ್ತಾಳೆ. ಉಳಿದದ್ದು ಒಂದೇ ವಿದ್ಯೆ, ಅವನು ಜೀವಮಾನವೆಲ್ಲ ಅಭ್ಯಾಸ ಮಾಡಿದ್ದು.

"ಬಾಗಿಲು ಉಂಟು!" ಎಂದ.

"ಎಂಥಾ ಬಾಗಲ್ರಿ?"

ಅದನ್ನು ಅವನು ಯೋಚಿಸಿರಲಿಲ್ಲ. ಎಲ್ಲರೂ ಒಟ್ಟಿಗೆ ನೆರವಿಗೆ ಬಂದರು.

"ಕಾಚ್‌ಚಾ! ಗಾಜಿಂದು, ಆಟೋಮ್ಯಾಟಿಕ್!" ಎಂದರು ಮುಕ್ತಾತಾಯಿ. ಸೊಸೈಟಿಯ ಲಾಬಿಗೆ ಅಂಥ ಬಾಗಿಲು ಬೇಕೆಂದು ಅವರು ಪ್ರತಿ ಸಭೆಯಲ್ಲೂ ಕೇಳಿ ಸೋತಿದ್ದರು.

"ಮಾವಿನೆಲೆಯ ತೋರಣ ಇರ್ಲಿ. ಗಂಟೆಯೂ ಇರ್ಲಿ," ಎಂದರು ದ್ರೌಪದಿಯಮ್ಮ.

"ಎಕ್ಸಿಟ್ ಲಿಖಾ ಹೋನಾ ಚಾಹಿಯೇ! ಇಂಗ್ಲಿಷ್ ಮೇ!" ಎಂದಳು ಶ್ರೀಪ್ರಿಯಾ. ಅವಳ ಮೊಬೈಲು ನೆಲದ ಮೇಲೆ ಬಿದ್ದಿತ್ತು.

"ಗಾಜಿನ ಬಾಗಿಲು," ಎಂದು ಹಯಗ್ರೀವ ಮಂತ್ರ ಹೇಳಿದಂತೆ ಹೇಳಿದ. "ಮುಟ್ಟದೆ ತೆರೆಯುವಂಥದ್ದು. ಮೇಲೆ ತೋರಣ. ಪಕ್ಕದಲ್ಲಿ ಗಂಟೆ. ಇಂಗ್ಲಿಷಿನಲ್ಲಿ ಎಕ್ಸಿಟ್ ಅಂತ ಬರೆದದ್ದು. ನೆಲ ಉಂಟು ಕಲ್ಲವ್ವ, ಕಾಲಿನ ಕೆಳಗೆ ಗಟ್ಟಿ ನೆಲ ಉಂಟು. ಬಾಗಿಲಿನ ಆಚೆ ಅಪ್ಪಾಸಾಹೇಬರಿದ್ದಾರೆ. ನಡೀರಿ, ನಾನಿದ್ದೇನೆ."

ಒಂದು ಹೆಜ್ಜೆ. ಇನ್ನೊಂದು.

"ಐತ್ರಿ," ಎಂದಳು ಕಲ್ಲವ್ವ. "ಗಂಟಿ ಬಾರಸ್ಲೇನು?"

ಢಣ್ ಎಂದದ್ದು ಎರಡೂ ಫೋನಿನಲ್ಲಿ ಒಟ್ಟಿಗೆ ಕೇಳಿಸಿತು. ಮರುಕ್ಷಣ ಅಪ್ಪಾಸಾಹೇಬರ ದನಿ ಮೊದಲಿನ ಗಾತ್ರಕ್ಕೆ ಬಂತು: "ಬಂದ್ಲು! ಬಂದ್ಲ್ರೀ ನಮ್ಮಾಕಿ! ಎಲ್ಲಿಂದ ಬಂದಿ ನೀ? ಇಲ್ಲಿ ಬರೇ ಗ್ವಾಡಿ ಐತಿ!"

"ಗ್ವಾಡಿ ನಿಮ್ಮ ಕಣ್ಣಾಗ ಐತಿ. ಬಸ್ ಹತ್ರಿ ಮೊದ್ಲ."

ಡೊಂಬಿವ್ಲಿಯಲ್ಲಿ ಸಂಭ್ರಮವೋ ಸಂಭ್ರಮ. ಪ್ರಭಾ ಕಣ್ಣೊರೆಸಿಕೊಂಡು ಸೀದ ದೋಸೆಯನ್ನು ಕಿತ್ತಳು. ದ್ರೌಪದಿಯಮ್ಮ ಅಳಿಯನ ಮುಂದೆ ಕಾಯಿ ಒಡೆದು ನೀರನ್ನು ಲೋಟಕ್ಕೆ ಹಿಡಿದರು. ಮುಕ್ತಾತಾಯಿ ಹತ್ತಿರ ಸರಿದು, ಮೆತ್ತನೆಯ ದನಿಯಲ್ಲಿ, "ಉಪಾಧ್ಯೇಜೀ, ಏಕ್ ಲಹಾನ್ ಕಾಮ್, ಸಣ್ಣ ಕೆಲಸ. ಲಿಫ್ಟ್ ರಿಪೇರಿ ಆಯ್ತು ಅಂತ ಒಂದು ಸಲ ಬೋಲಾ ನಾ," ಎಂದರು. ಹಯಗ್ರೀವನ ಕುತ್ತಿಗೆ ಮತ್ತೆ ಏರತೊಡಗಿತು. ಯಾವ ಮಹಡಿಯಿಂದ ಶುರುಮಾಡಲಿ ಎಂದು ಅವನು ಯೋಚಿಸುತ್ತಿರುವಾಗಲೇ ಪ್ರಭಾಳ ಫೋನಿನಲ್ಲಿ ಮತ್ತೆ ಕಲ್ಲವ್ವ. ಹಿಂದೆ ಬಸ್ಸಿನ ಸದ್ದು, ಟೂರಿನವರ ನಗು.

"ಪ್ರಭಾಬಾಯಾರ, ನಿಮ್ಮ ಯಜಮಾನ್ರ ಉಪಕಾರ ಮರಿಯಂಗಿಲ್ಲ ನೋಡ್ರಿ. ಆದ್ರ ಅವ್ರನ್ನ ಹಂಗ ಬಿಟ್ಟು ಬಂದದ್ದು ಮನಸಿಗೆ ಹತ್ತೈತಿ."

"ಯಾರನ್ನು?"

"ಉಪಾಧ್ಯಾರನ್ನ್ರೀ. ಕತ್ತಲಾಗ ಬಂದು ಕೈ ಹಿಡದು ಬಾಗಲ ತನಾ ಕರಕೊಂಡು ಬಂದ್ರಲ್ಲ. ಕೈ ಅಂದ್ರ ಕೈ, ಬರ್ಫ ಇದ್ದಂಗ ಇತ್ತು. ಲುಂಗಿ ಮ್ಯಾಲ ಇದ್ರು. ಬನಿಯನ್ನು ಹೆಗಲ ಮ್ಯಾಲ ಹರದಿತ್ತು, ಒಂಚೂರು ಹೊಲದು ಕೊಡಬಾರದೇನು ನೀವು? ನೀವೂ ಬರ್ರಿ ಅಂದ್ನಿ. ಆಮೇಲೆ ಬರ್ತೇನೆ ಅಂದ್ರು. ಬಾಗಲ ಮುಚ್ಕೊಂಡ್ತು. ಪಾಪ, ಅಲ್ಲೇ ಉಳದಾರ."

ನಾಲ್ಕು ಹೆಂಗಸರು ಒಟ್ಟಿಗೆ ತಿರುಗಿ ಹಯಗ್ರೀವನನ್ನು ನೋಡಿದರು. ಅವನು ತನ್ನ ಎಡಹೆಗಲನ್ನು ನೋಡಿಕೊಂಡ. ಬನಿಯನ್ನು ಹರಿದಿತ್ತು.

ದ್ರೌಪದಿಯಮ್ಮ ಕಾಯಿನೀರಿನ ಲೋಟವನ್ನು ದೂರದಿಂದಲೇ ನೆಲದ ಮೇಲಿಟ್ಟು, ಕಾಲಿನಿಂದ ಸ್ವಲ್ಪ ಅವನ ಕಡೆ ಸರಿಸಿ, ಮಗಳ ರಟ್ಟೆ ಹಿಡಿದು ಹಿಂದೆ ಎಳೆದರು. ಮುಕ್ತಾತಾಯಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. ಚಪ್ಪಲಿ ಹಾಕಿಕೊಳ್ಳದೆ ಹೋದರು. ಲಿಫ್ಟಿನ ವಿಷಯ ಎತ್ತಲಿಲ್ಲ.

"ನೀವು... ಇಲ್ಲೇ ಇದ್ರಲ್ಲ?" ಎಂದು ಕೇಳಿದಳು ಪ್ರಭಾ.

"ಇಲ್ಲೇ ಇದ್ದೆ," ಎಂದ ಹಯಗ್ರೀವ. ಜಪಾನಿನ ವಿಷಯದಲ್ಲಿ ಅವನು ನಿಜ ಹೇಳಿದ್ದು ಇದೇ ಮೊದಲು. ಯಾರೂ ನಂಬಿದಂತೆ ಕಾಣಲಿಲ್ಲ.

ಅಷ್ಟರಲ್ಲಿ ಅವನ ಫೋನು ಬಡಿಯಿತು. ಪರದೆಯ ಮೇಲೆ ಹೆಸರು ಮೂಡಿತ್ತು: ಹಯಗ್ರೀವ ಉಪಾಧ್ಯ. ಫೋನು ಇನ್ನೂ ಸ್ಪೀಕರಿನಲ್ಲೇ ಇತ್ತು. ಅವನು ಮುಟ್ಟಲಿಲ್ಲ, ಅದು ತಾನಾಗಿಯೇ ಎತ್ತಿಕೊಂಡಿತು.

"ಹಲೋ," ಎಂದಿತು ದನಿ. ಅವನದೇ ದನಿ; ಅದೇ ಗತ್ತು, ಸಾಲಿನ ಕೊನೆಯಲ್ಲಿ ಅದೇ ಸಣ್ಣ ಕೆಮ್ಮು. ಹಿಂದೆ ತುಂಬ ದೂರದಲ್ಲಿ ಒಂದು ಟ್ರೈನು ಬಂದು, ಯಾರೂ ಇಳಿಯದೆ, ಹೋದ ಸದ್ದು. "ಹಲೋ, ನಾನು ಮಾತಾಡುವುದು. ಇಲ್ಲಿ ಯಾರೂ ಇಲ್ಲ ಮಾರ್ರೆ. ಎರಡು ದಾರಿ ಕಾಣ್ತದೆ. ಯಾವ ಕಡೆ ಹೋಗ್ಬೇಕು?"

ಗೊತ್ತಿಲ್ಲ ಎನ್ನಬೇಕೆಂದು ಹಯಗ್ರೀವ ಬಾಯಿ ತೆರೆದ. ಆ ಒಂದು ಪದ ಅವನ ನಾಲಿಗೆಗೆ ಅಭ್ಯಾಸವಿರಲಿಲ್ಲ.

"ಎಡಕ್ಕೆ," ಎಂದ.

ಹೆಜ್ಜೆಗಳು ಎಡಕ್ಕೆ ಹೊರಟವು. ಸ್ವಲ್ಪ ಹೊತ್ತು ನಡೆದು ನಿಂತವು.

"ಬಂದೆ," ಎಂದಿತು ದನಿ. "ಇನ್ನು?"